ಐದನೇ ತಿರುವಿಗೆ ಕರೆಂಟ್ ಹೋದರೆ

ಆಲ್ಪ್ ಡು ಜ್ವಿಫ್ಟ್ ಅಂದರೆ ಮನೆಯಲ್ಲೇ ಸೈಕಲ್ ತುಳಿಯುವವರ ಜ್ವಿಫ್ಟ್ ಆ್ಯಪಿನಲ್ಲಿ ಪರದೆಯ ಮೇಲೆ ಹತ್ತುವ ಬೆಟ್ಟದ ದಾರಿ: 12.2 ಕಿ.ಮೀ. ದೂರ, 1,036 ಮೀಟರ್ ಏರು. ತಿರುವುಗಳ ಎಣಿಕೆ 21ರಿಂದ ಇಳಿಯುತ್ತಾ ಬರುತ್ತದೆ. ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ 5ನೇ ತಿರುವು ಮುಟ್ಟುವಷ್ಟರಲ್ಲಿ ಎಲ್ಲೋ ತಂತಿ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತದೆ! ಪೆಡಲ್ ದಿಢೀರನೆ ಹಗುರ, ತುಳಿತದ ಶಕ್ತಿ ತೋರಿಸುವ ವ್ಯಾಟ್ ಸೊನ್ನೆ, ಪರದೆಯ ಮೇಲಿನ ಸವಾರ ಅಲ್ಲೇ ನಿಲ್ಲುತ್ತಾನೆ. ಏರಿನ ಸಮಯ ಮಾತ್ರ ಓಡುತ್ತಲೇ ಇರುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದು ಏನು ಬಂತು? ಸೈಕಲ್ಲನ್ನು ಕೂರಿಸಿ ತುಳಿಯುವ ಸಾಧನ ಸ್ಮಾರ್ಟ್ ಟ್ರೇನರ್; ಏರಿನ ಭಾರ ಕೊಡುವ ಅದರ ಬ್ರೇಕ್ ಹೆಚ್ಚಿನವುಗಳಲ್ಲಿ ವಿದ್ಯುತ್ಕಾಂತದ್ದು, ಕರೆಂಟಿಲ್ಲದೆ ಅದು ಹಿಡಿಯುವುದೇ ಇಲ್ಲ. ಮನೆಗಳಲ್ಲಿ ಇನ್ವರ್ಟರ್ ಲೈನು ಬಲ್ಬು, ಫ್ಯಾನಿಗಷ್ಟೇ. ಟ್ರೇನರಿನ ಅಡಾಪ್ಟರ್, ವೈಫೈ ರೂಟರ್ ಎರಡನ್ನೂ ಆ ಲೈನಿಗೆ ತಂದು, ಇನ್ವರ್ಟರಿನ ಸ್ವಿಚ್ಚನ್ನು ಬ್ಯಾಟರಿಗೆ ಬೇಗ ಬದಲಾಗುವ ಯುಪಿಎಸ್ ಮೋಡ್‌ಗೆ ಹಾಕಲೇಬೇಕು. ಇಲ್ಲದಿದ್ದರೆ ಲೈನು ಬದಲಾಗುವ ಆ ಒಂದು ಕ್ಷಣಕ್ಕೇ ಟ್ರೇನರ್ ಆಫ್ ಆಗಿ, ಮತ್ತೆ ಕನೆಕ್ಟ್ ಆಗುವಷ್ಟರಲ್ಲಿ ಗಂಟೆಗಟ್ಟಲೆ ಬೆವರು ಸುರಿಸಿದ ಟೈಮಿಂಗ್ ಹಾಳು.