ಎರಡು ಕಂಡುಗ ಭೂಮಿ ಬರೆಸಿಕೊಂಡ ನಾಯಿ

ಸಾಕಿದ ಪ್ರಾಣಿಯನ್ನು ಸರಿಯಾದ ಕಾರಣವಿಲ್ಲದೆ ಬೀದಿಪಾಲು ಮಾಡಿದರೆ ನಮ್ಮ ಕಾನೂನು ಹಾಕುವ ದಂಡ, ಮೊದಲ ಸಲಕ್ಕೆ, 10ರಿಂದ 50 ರೂಪಾಯಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಬರೆದಿಟ್ಟ ಮೊತ್ತ. ಈಗ ಅಷ್ಟಕ್ಕೆ ಬೆಂಗಳೂರಲ್ಲಿ ಒಂದು ಮಸಾಲೆ ದೋಸೆ ಬರೋದೂ ಅನುಮಾನ. ಆದರೆ ದಂಡ ಕಡಿಮೆ ಅಂತ ಗೋಳಾಡೋಕೆ ಇದನ್ನು ಬರೀತಿಲ್ಲ. ಅದೇ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ಮಾತಿದೆ: ಸದಾ ಕಟ್ಟಿಹಾಕಿದ, ಕೂಡಿಹಾಕಿದ ನಾಯಿಯನ್ನು ತಕ್ಕಮಟ್ಟಿಗೆ ಓಡಾಡಿಸದಿದ್ದರೆ ಅದೂ ಅಪರಾಧ.

ಇದನ್ನು ತಲೆಯಲ್ಲಿಟ್ಟುಕೊಂಡು ನಿಮ್ಮ ಬಡಾವಣೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಕಾಂಪೌಂಡಿನ ಮೂಲೆ, ಕಾರಿನ ಹಿಂದೆ, ನಾಲ್ಕಡಿ ಚೈನು, ಬಿಸಿಲಿಗೆ ಕಾದ ಸ್ಟೀಲ್ ಬಟ್ಟಲಲ್ಲಿ ನಿನ್ನೆಯ ನೀರು. ಗೇಟಿನ ಮೇಲೆ ‘ನಾಯಿ ಇದೆ ಎಚ್ಚರಿಕೆ’ ಬೋರ್ಡು. ನನ್ನನ್ನು ಕೇಳಿದರೆ ಆ ಬೋರ್ಡನ್ನು ನಾಯಿಗೆ ಕಾಣುವ ಹಾಗೆ ಒಳಗಡೆ ನೇತುಹಾಕಬೇಕು, ‘ಮಾಲೀಕರಿದ್ದಾರೆ’ ಅಂತ ಬರೆದು.

ನಾಯಿ, ಬೆಕ್ಕುಗಳಿಗೆ ಮನೆ ಹುಡುಕಿಕೊಡುವವರ ಜೊತೆ ಸುಮಾರು ವರ್ಷಗಳಿಂದ ಓಡಾಡುತ್ತಿದ್ದೇನೆ. ಬಿಟ್ಟುಕೊಡುವವರ ಕಾರಣಗಳು ಬಾಯಿಪಾಠವಾಗಿವೆ. ಟ್ರಾನ್ಸ್‌ಫರ್ ಆಯ್ತು. ಸೊಸೆಗೆ ಈಗ ಏಳು ತಿಂಗಳು. ಹೊಸ ಮನೆ ಓನರ್ ಒಪ್ತಿಲ್ಲ. ಮಗ ಹಾಸ್ಟೆಲಿಗೆ ಹೋದ, ನನ್ನ ಕೈಲಿ ಆಗಲ್ಲ. ಇವರ್‍ಯಾರೂ ಕ್ರೂರಿಗಳಲ್ಲ. “ತುಂಬಾ ಪ್ರೀತಿಯಿಂದ ಸಾಕಿದೀವಿ ಮೇಡಂ” ಅನ್ನುವಾಗ ಗಂಟಲು ಕಟ್ಟುತ್ತೆ ಅವರಿಗೆ. ನಾನು ನಂಬುತ್ತೇನೆ. ಪ್ರೀತಿ ಬೇಕಾದಷ್ಟಿತ್ತು, ಏರ್ಪಾಟು ಇರಲಿಲ್ಲ ಅಷ್ಟೆ.

ಏರ್ಪಾಟು ಅಂದಾಗ ನನಗೆ ನೆನಪಾಗೋದು ಆತಕೂರು ಶಾಸನ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ ಕಲ್ಲು, ಕ್ರಿ.ಶ. 949-50ರ ಕಾಲದ್ದು. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ತಕ್ಕೋಲದಲ್ಲಿ ಚೋಳರ ಮೇಲೆ ನಡೆದ ಯುದ್ಧದಲ್ಲಿ ಗಂಗರ ಅರಸ ಬೂತುಗನ ಕಡೆಯ ಮಣಲೆರ ಅನ್ನುವ ವೀರ ಚೆನ್ನಾಗಿ ಕಾದಾಡಿದ. ರಾಷ್ಟ್ರಕೂಟ ಚಕ್ರವರ್ತಿ ಮೂರನೇ ಕೃಷ್ಣ ಮೆಚ್ಚಿ, ಏನು ಬೇಕೋ ಕೇಳು ಅಂದ. ಈ ಪುಣ್ಯಾತ್ಮ ಕೇಳಿದ್ದು ಚಕ್ರವರ್ತಿಯ ಬೇಟೆನಾಯಿಯನ್ನು. ಹೆಸರು ಕಾಳಿ. ಆಮೇಲೆ ಒಂದು ದಿನ ಬೆಳತೂರಿನ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ಕಾಳಿಯೂ ಒಟ್ಟಿಗೆ ಸತ್ತವು. ಮಣಲೆರ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ಕಲ್ಲಿನ ಮೇಲೆ ನಾಯಿ ಹಂದಿಗಳ ಕಾದಾಟವನ್ನೇ ಕೆತ್ತಿದ್ದಾರೆ.

ಜನ ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ನಿಲ್ಲಿಸಿ ‘ಆಹಾ’ ಅನ್ನುತ್ತಾರೆ. ನನಗೆ ಹಿಡಿಸೋದು ಅದರ ಮುಂದಿನ ಸಾಲುಗಳು. ಆ ಕಲ್ಲಿನ ಪೂಜೆಗೆ ಅಂತ ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಭೂಮಿ, ಅಂದರೆ ಅಷ್ಟು ಬೀಜ ಬಿತ್ತುವಷ್ಟು ನೆಲ, ಬರೆದುಕೊಟ್ಟರು. ಆ ಜಾಗ ನೋಡಿಕೊಳ್ಳುವ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಆ ಕೆಲಸ ವಹಿಸಿದರು. ಅವನು ಪೂಜೆ ಮಾಡದೆ ಉಂಡರೆ ಪಾಪ ಸುತ್ತಿಕೊಳ್ಳುತ್ತೆ ಅಂತಲೂ ಬರೆಸಿದರು. ನೋಡಿ, ಖರ್ಚು ಎಲ್ಲಿಂದ, ಜವಾಬ್ದಾರಿ ಯಾರದು, ಎಷ್ಟು ಹೊತ್ತಿಗೆ ಮಾಡಬೇಕು, ತಪ್ಪಿದರೆ ಏನು, ಎಲ್ಲಾ ಇತ್ಯರ್ಥ. ಅದೂ ಸತ್ತುಹೋದ ನಾಯಿಗೆ! ಬದುಕಿರುವ ನಾಯಿಗೆ ನಾವು ಇದರ ಅರ್ಧ ಮಾಡಿದರೂ ಸಾಕಿತ್ತು.

ಈಗ ನಮ್ಮ ಲೆಕ್ಕ. ನಾಯಿಯ ಆಯಸ್ಸು ಹತ್ತರಿಂದ ಹದಿನಾಲ್ಕು ವರ್ಷ ಅಂತಿಟ್ಟುಕೊಳ್ಳಿ. ಮೂರನೇ ಕ್ಲಾಸಿನ ಮಗುವಿನ ಬರ್ತ್‌ಡೇಗೆ ತಂದ ಮರಿ, ಮಗು ಡಿಗ್ರಿ ಮುಗಿಸುವ ಹೊತ್ತಿಗೆ ಕೀಲುನೋವಿನ ಮುದಿನಾಯಿ. ಅಲ್ಲಿಯವರೆಗೆ ಬೆಳಗ್ಗೆ ಸಂಜೆ ವಾಕಿಂಗ್ ಯಾರು? ಇಡೀ ಮನೆ ಧರ್ಮಸ್ಥಳಕ್ಕೆ ಹೊರಟರೆ ಊಟ ಹಾಕೋರು ಯಾರು? ಒಂದೂವರೆ, ಎರಡು ತಿಂಗಳಿಗೆ ಪಾರ್ವೊ, ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆಗಳಿಗೆ ಲಸಿಕೆ ಶುರುಮಾಡಿ ಆಮೇಲಿನ ಡೋಸುಗಳನ್ನೂ ಹಾಕಿಸಬೇಕು. ಪಾರ್ವೊ ಬಂದು ರಕ್ತಭೇದಿ ಹತ್ತಿದ ಮರಿಯನ್ನು ಒಮ್ಮೆ ನೋಡಿದವರು ಈ ವಿಷಯದಲ್ಲಿ ವಾದಕ್ಕೆ ಇಳಿಯಲ್ಲ. ಮೂರು ತಿಂಗಳಿಗೆ ರೇಬಿಸ್ ಇಂಜೆಕ್ಷನ್, ಆಮೇಲೆ ಡಾಕ್ಟರು ಹೇಳಿದಂತೆ ವರ್ಷ ವರ್ಷ. “ನಮ್ಮದು ಮನೆ ಬಿಟ್ಟು ಹೋಗಲ್ಲ, ಅದಕ್ಯಾಕೆ?” ಅಂತ ಕೇಳುತ್ತಾರೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯೂ ಉಳಿಯಲ್ಲ, ಮನುಷ್ಯನೂ ಉಳಿಯೋದಿಲ್ಲ, ಅದಕ್ಕೆ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ಎಷ್ಟೋ ಕಡೆ ಪಶು ಆಸ್ಪತ್ರೆಯವರು ಪುಕ್ಕಟೆ ಹಾಕುತ್ತಾರೆ. ಯಾವ ನಾಯಿ ಕಚ್ಚಿದರೂ, ಸಾಕಿದ್ದೇ ಆಗಲಿ, ಹದಿನೈದು ನಿಮಿಷ ಸೋಪು ನೀರಲ್ಲಿ ಗಾಯ ತೊಳೆದು ಸೀದಾ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಏನೂ ಬೇಡ.

ಮನೆಮದ್ದು ಅಂದಮೇಲೆ ಇದೊಂದು ಮಾತು. ಜ್ವರ ಬಂದ ಬೆಕ್ಕಿಗೆ ಪ್ಯಾರಸಿಟಮಾಲ್ ಕೊಡಬೇಡಿ. ಒಂದೇ ಮಾತ್ರೆಗೆ ಪ್ರಾಣ ಹೋಗಬಹುದು.

ತಳಿಯ ಹುಚ್ಚು ಇನ್ನೊಂದು ಕಥೆ. 2003ರಲ್ಲಿ ಹಚ್ ಮೊಬೈಲಿನ ಜಾಹೀರಾತಲ್ಲಿ ಹುಡುಗನ ಹಿಂದೆ ಪಗ್ ಓಡಿದ್ದೇ ಓಡಿದ್ದು, ಎಲ್ಲರಿಗೂ ಪಗ್ ಬೇಕಾಯಿತು. ಚಪ್ಪಟೆ ಮೂತಿಯ ಆ ಪ್ರಾಣಿ ಗೊರಗೊರ ಅನ್ನೋದು ಮುದ್ದಿಗಲ್ಲ, ಎಷ್ಟೋ ಸಲ ಉಸಿರಾಟದ ಕಷ್ಟಕ್ಕೆ. ಈಗ ಹಸ್ಕಿ ಕಾಲ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಲು ಬೆಳೆಸಿದ, ಮೈಮೇಲೆ ಎರಡು ಪದರ ಕೂದಲಿರುವ ನಾಯಿಯನ್ನು ಮೇ ತಿಂಗಳ ಕಲಬುರಗಿಗೆ ತರೋದು ಯಾವ ಸೀಮೆಯ ಪ್ರೀತಿಯೋ. ನಮ್ಮದೇ ಮುಧೋಳ ತರುತ್ತೇವೆ ಅನ್ನುವವರಿಗೂ ಇದೇ ಮಾತು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ, ಹೆಮ್ಮೆ ನನಗೂ ಇದೆ. ಆದರೆ ಬಯಲಲ್ಲಿ ಮೊಲದ ಹಿಂದೆ ಓಡಿದ ವಂಶಕ್ಕೆ ನಿಮ್ಮ ಬಾಲ್ಕನಿ ಸಾಲುತ್ತದೆಯೇ?

ನಮ್ಮ ರಸ್ತೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಹೆಂಡತಿ ಇಲ್ಲ, ಮಕ್ಕಳು ಅಮೆರಿಕದಲ್ಲಿ. ಬೀದಿಯ ಕಂದು ಹೆಣ್ಣುನಾಯಿಯೊಂದನ್ನು ಒಳಗೆ ಸೇರಿಸಿಕೊಂಡರು. ಅದು ಬೆಳಗ್ಗೆ ಆರಕ್ಕೆ ಹೊದಿಕೆ ಎಳೆದು ಎಬ್ಬಿಸುತ್ತೆ, ಕೆರೆ ಏರಿಯವರೆಗೆ ನಡೆಸಿಕೊಂಡು ಬರುತ್ತೆ. ಯಾರ ಜೊತೆಯೂ ಮಾತಾಡದಿದ್ದ ಮನುಷ್ಯ ಈಗ ಹಾಲಿನ ಬೂತಿನ ಹತ್ತಿರ ನಿಂತು ನಾಯಿಯ ಮೇಲೆ ಚಾಡಿ ಹೇಳುತ್ತಿರುತ್ತಾರೆ. ನಾನು ಅವರನ್ನು ಮೆಚ್ಚೋದು ಬೇರೆ ಕಾರಣಕ್ಕೆ. ತಂಗಿಯ ಮಗನನ್ನು ಕರೆಸಿ, “ನಾನು ಹೋದ ಮೇಲೆ ಇದು ನಿನ್ನದು ಕಣಯ್ಯ” ಅಂತ ಒಪ್ಪಿಸಿ, ಅದರ ಖರ್ಚಿಗೆ ಅಂತಲೇ ಒಂದು ಎಫ್.ಡಿ. ಮಾಡಿಟ್ಟಿದ್ದಾರೆ. ಅವರಿಗೆ ಆತಕೂರಿನ ಕಥೆ ಹೇಳಿದಾಗ, “ಪೂಜೆ ಗೀಜೆ ಬೇಡಮ್ಮ, ವರ್ಷಕ್ಕೊಂದು ಇಂಜೆಕ್ಷನ್ ತಪ್ಪಿಸದಿದ್ದರೆ ಸಾಕು” ಅಂದರು.

ಆ ನಾಯಿಗೆ ಆಪರೇಷನ್ನೂ ಮಾಡಿಸಿದ್ದಾರೆ. ಈ ಮಾತು ಎತ್ತಿದರೆ ನಮ್ಮವರಿಗೆ ಇದ್ದಕ್ಕಿದ್ದಂತೆ ಕರುಣೆ ಉಕ್ಕುತ್ತೆ: “ಪಾಪ, ಒಂದು ಸಲನಾದರೂ ತಾಯಿಯಾಗಲಿ.” ಆಪರೇಷನ್ ಆಗದ ಹೆಣ್ಣುನಾಯಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬಿ ಜೀವಕ್ಕೇ ಕುತ್ತು ಬರಬಹುದು. ಹುಟ್ಟಿದ ಆರೇಳು ಮರಿಗಳಲ್ಲಿ ಗಂಡುಮರಿ ಹೇಗೋ ಮನೆ ಸೇರುತ್ತವೆ, ಹೆಣ್ಣುಮರಿಗಳನ್ನು ರಾತ್ರಿ ಮಾರ್ಕೆಟ್ ಹತ್ತಿರ ಬಿಟ್ಟು ಬರುತ್ತಾರೆ. ಬೀದಿನಾಯಿ ಕಾಟ ಅಂತ ಅರ್ಜಿ ಬರೆಯುವ ಕೈಗಳಲ್ಲಿ ಈ ಕೈಗಳೂ ಇವೆ.

ಸದ್ಯಕ್ಕೆ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ನಾಲ್ಕು ಮರಿಗಳಿವೆ, ಮೂರು ಹೆಣ್ಣು. ಎರಡು ತಿಂಗಳು ತುಂಬಿದೆ, ಮೊದಲ ಲಸಿಕೆ ಆಗಿದೆ. ಬೇಕಾದವರು ಇನ್‌ಬಾಕ್ಸಿಗೆ ಬನ್ನಿ. ಮನೆ ನೋಡಲು ನಾನೇ ಬರುತ್ತೇನೆ, ಹತ್ತು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬಾರದು. “ಗಂಡಿದ್ದರೆ ಮಾತ್ರ ಹೇಳಿ” ಅನ್ನುವವರು ದಯವಿಟ್ಟು ಮೆಸೇಜ್ ಮಾಡಬೇಡಿ.