ಓಟು ಹಾಕದಿದ್ದರೆ ಹೆಸರೇ ಔಟು

ಸಿಂಗಪುರದಲ್ಲಿ 2025ರ ಮೇ 3ಕ್ಕೆ ಚುನಾವಣೆ ಆಯಿತು. ಶನಿವಾರ, ಜೊತೆಗೆ ಸರ್ಕಾರಿ ರಜೆ. ನಾನಿಲ್ಲಿ ಕಾಯಂ ನಿವಾಸಿ ಅಷ್ಟೇ, ಓಟಿಲ್ಲ. ಊರಲ್ಲಿ ಓಟು ಹಾಕಬೇಕಂದ್ರೆ ಖುದ್ದು ಅಲ್ಲಿಗೇ ಹೋಗಬೇಕು. ಎರಡೂ ಕಡೆ ಬರೀ ನೋಡೋ ಕೆಲಸ.

ಪ್ರಚಾರಕ್ಕೆ ಸಿಗೋದು ಒಂಬತ್ತೇ ದಿನ. ಮತದಾನದ ಹಿಂದಿನ ದಿನ ಎಲ್ಲಾ ಬಂದ್. ಫ್ಲಾಟುಗಳ ನೆಲಮಹಡಿಯ ಖಾಲಿ ಜಾಗವೇ ಎಷ್ಟೋ ಕಡೆ ಮತಗಟ್ಟೆ. ಲಿಫ್ಟಿನಲ್ಲಿ ಇಳಿದು, ಚಪ್ಪಲಿಯಲ್ಲೇ ಹೋಗಿ, ಮತಪತ್ರದ ಮೇಲೆ 'ಎಕ್ಸ್' ಮುದ್ರೆ ಒತ್ತಿ ಬರುತ್ತಾರೆ. ಬೆರಳಿಗೆ ನಮ್ಮ ಮೈಸೂರಿನ ಶಾಯಿ ಇಲ್ಲ. ಹಾಗಾಗಿ ಬೆರಳು ತೋರಿಸೋ ಸೆಲ್ಫಿಯೂ ಇಲ್ಲ!

ಇಲ್ಲಿ ಓಟು ಹಾಕೋದು ಕಡ್ಡಾಯ. ಹಾಕದಿದ್ದರೆ ಪಟ್ಟಿಯಿಂದ ಹೆಸರು ತೆಗೀತಾರೆ. ಮತ್ತೆ ಸೇರಿಸೋ ತನಕ ಓಟೂ ಇಲ್ಲ, ಚುನಾವಣೆಗೆ ನಿಲ್ಲೋ ಹಾಗೂ ಇಲ್ಲ. ಕಾಯಿಲೆ, ಹೆರಿಗೆ, ಹೊರದೇಶದ ಕೆಲಸ ಅಂತ ಸರಿಯಾದ ಕಾರಣ ಕೊಟ್ಟರೆ ಪರವಾಗಿಲ್ಲ. ಇಲ್ಲದಿದ್ದರೆ 50 ಡಾಲರ್ ಕಟ್ಟಿ ಸೇರಿಸಿಕೊಳ್ಳಬೇಕು. ಈ ಸಲ ಶೇ 92ಕ್ಕೂ ಜಾಸ್ತಿ ಜನ ಓಟು ಹಾಕಿದರು. ನಮ್ಮಲ್ಲಿ? 2024ರ ಲೋಕಸಭೆಗೆ ಬೆಂಗಳೂರು ದಕ್ಷಿಣದಲ್ಲಿ ಶೇ 53ರ ಆಸುಪಾಸು. ಶಾಯಿ ತೋರಿಸಿದರೆ ದೋಸೆ ಫ್ರೀ ಅಂತ ಹೋಟೆಲಿನವರು ಕರೆದರೂ ಅಷ್ಟೇ. ಶುಕ್ರವಾರ ಮತದಾನ ಇಟ್ಟರೆ ಕಾರು ಮಡಿಕೇರಿ ಕಡೆ ತಿರುಗುತ್ತೆ, ಅಲ್ವಾ? ಹೆಸರು ತೆಗೆಯೋ ನಿಯಮ ನಮಗೂ ಬರಲಿ ಅನ್ನೋನು ನಾನು. ಜೈಲು ಬೇಡ, ದೊಡ್ಡ ದಂಡವೂ ಬೇಡ. ಮತ್ತೆ ಹೆಸರು ಸೇರಿಸೋಕೆ ಅರ್ಜಿ ಹಿಡಿದು ಅಲೆಯೋ ರಗಳೆಯೇ ಸಾಕು.

ಆದರೆ ಇವರ ಗುಂಪು ಕ್ಷೇತ್ರದ ಪದ್ಧತಿ ಮಾತ್ರ ಖಂಡಿತ ಬೇಡ. 1988ರಿಂದ ಇದೆ. ಒಂದು ಕ್ಷೇತ್ರಕ್ಕೆ ನಾಲ್ಕೈದು ಜನರ ತಂಡ, ಅದರಲ್ಲಿ ಒಬ್ಬರಾದರೂ ಮಲಯ, ಭಾರತೀಯ ಅಥವಾ ಬೇರೆ ಅಲ್ಪಸಂಖ್ಯಾತ ಸಮುದಾಯದವರು ಇರಲೇಬೇಕು. ಉದ್ದೇಶ ಒಳ್ಳೆಯದೇ. ಆದರೆ ಗೆದ್ದರೆ ಇಡೀ ತಂಡ ಗೆಲ್ಲುತ್ತೆ. ಹೆಸರಿದ್ದ ಒಬ್ಬ ಮಂತ್ರಿಯ ಬೆನ್ನಿಗೆ ಅಂಟಿಕೊಂಡು ಹೊಸಬರೂ ಸಂಸತ್ತಿಗೆ ಬರಬಹುದು. ಸಣ್ಣ ಪಕ್ಷಕ್ಕೆ ಐದು ಒಳ್ಳೆಯ ಅಭ್ಯರ್ಥಿಗಳನ್ನು ಒಟ್ಟಿಗೆ ಹುಡುಕೋದೇ ಕಷ್ಟ. ಇಲ್ಲಿನ ಆಡಳಿತ ಪಕ್ಷ ಪೀಪಲ್ಸ್ ಆ್ಯಕ್ಷನ್ ಪಾರ್ಟಿಗೆ ಈ ಸಲ ಬಿದ್ದದ್ದು ಶೇ 65ರಷ್ಟು ಮತ, ಸಿಕ್ಕಿದ್ದು 97ರಲ್ಲಿ 87 ಸೀಟು. ನಮ್ಮಲ್ಲೂ ಮತಕ್ಕೂ ಸೀಟಿಗೂ ತಾಳೆ ಆಗಲ್ಲ, ನಿಜ. ಆದರೆ ಒಂದೇ ಏಟಿಗೆ ಐದೈದು ಹೋಗಲ್ಲ.

ಮರೀನ್ ಪರೇಡ್-ಬ್ರಾಡೆಲ್ ಹೈಟ್ಸ್ ಅನ್ನೋ ಗುಂಪು ಕ್ಷೇತ್ರದಲ್ಲಿ ಎದುರಾಳಿ ತಂಡವೇ ನಾಮಪತ್ರ ಹಾಕಲಿಲ್ಲ. ಆಡಳಿತ ಪಕ್ಷದ ಐವರು ಅವಿರೋಧ ಆಯ್ಕೆಯಾದರು. ನಮ್ಮ ಸೂರತ್‌ನಲ್ಲಿ 2024ರಲ್ಲಿ ಆಯಿತಲ್ಲ, ಹಾಗೆ. ಓಟು ಕಡ್ಡಾಯ ಇರೋ ದೇಶದಲ್ಲಿ ಅಲ್ಲಿನ ಲಕ್ಷಕ್ಕೂ ಹೆಚ್ಚು ಮತದಾರರಿಗೆ ಆ ಶನಿವಾರ ರಜೆ ಸಿಕ್ಕಿತು, ಓಟು ಸಿಗಲಿಲ್ಲ.