ಮೂಕಿ ಚಿತ್ರಕ್ಕೆ ಪಕ್ಕವಾದ್ಯ

ಮೂಕಿ ಚಿತ್ರ ನೋಡಲು ಬರುವವರು ಪೆಪ್ಪರಮೆಂಟು ತರಬಾರದು ಅಂತ ಒಂದು ಕಾನೂನು ಆಗಬೇಕು. ತರಲೇಬೇಕಾದರೆ ಮನೆಯಲ್ಲೇ ಕಾಗದ ಬಿಚ್ಚಿ ತರಲಿ.

ಪ್ಯಾರಿಸ್ಸಿನ ಲ್ಯಾಟಿನ್ ಕ್ವಾರ್ಟರ್‌ನ ಒಂದು ಪುಟ್ಟ ಥಿಯೇಟರಿನಲ್ಲಿ ನಿರ್ದೇಶಕ ಡ್ರೇಯರ್‌ನ 1928ರ ‘ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’ ಹಾಕಿದ್ದರು. ಪಿಯಾನೋ ಕೂಡ ಇಲ್ಲ. ಪೂರಾ ನಿಶ್ಶಬ್ದದಲ್ಲೇ ನೋಡಬೇಕಂತೆ. ಆಗಲಿ ಸ್ವಾಮಿ. ಆದರೆ 1431ರಲ್ಲಿ ಫ್ರಾನ್ಸಿನ ರೂಆನ್‌ನಲ್ಲಿ ಪಾದ್ರಿಗಳೆಲ್ಲ ಸೇರಿ, ಇಂಗ್ಲಿಷರ ವಿರುದ್ಧ ಹೋರಾಡಿದ ಹುಡುಗಿ ಜೋನ್‌ಳನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುತ್ತಿದ್ದಾಗ, ನನ್ನ ಪಕ್ಕದ ಹಿರಿಯರು ಚರಪರ ಶುರುಮಾಡಿದರು. ಅದೂ ನಿಧಾನವಾಗಿ! ನಿಧಾನಕ್ಕೆ ಬಿಚ್ಚಿದರೆ ಸದ್ದಾಗೋದಿಲ್ಲ ಅಂತ ಇವರಿಗೆ ಯಾರು ಹೇಳಿಕೊಟ್ಟರೋ. ಜೋನ್ ಪಾತ್ರದ ನಟಿ ಫಾಲ್ಕನೆಟ್ಟಿಯ ಕಣ್ಣು ತುಂಬಿ, ನೀರು ಕೆನ್ನೆಗಿಳಿದರೂ ಪೆಪ್ಪರಮೆಂಟು ಹೊರಗೆ ಬಂದಿರಲಿಲ್ಲ.

ಮೊದಲಿಗೆ ಭಾಷಣ ಬೇರೆ. 1928ರಲ್ಲೇ ಬರ್ಲಿನ್‌ನಲ್ಲಿ ಮೂಲ ನೆಗೆಟಿವ್ ಸುಟ್ಟುಹೋಯಿತು. ಡ್ರೇಯರ್ ಬೇಡವೆಂದು ಬಿಟ್ಟಿದ್ದ ಶಾಟ್‌ಗಳನ್ನೇ ಜೋಡಿಸಿ ಇನ್ನೊಂದು ಮಾಡಿದ, ಅದೂ ಸುಟ್ಟಿತು. ‘ಥೇಟ್ ಜೋನ್‌ಳನ್ನು ಜೀವಂತ ಸುಟ್ಟ ಹಾಗೇ!’ ಅಂದು ಭಾಷಣಕಾರರು ಮಾತು ನಿಲ್ಲಿಸಿದರು. ನಾವು ನಿಟ್ಟುಸಿರು ಬಿಡಲಿ ಅಂತ. ಬಿಟ್ಟೆವು.

ನನಗೆ ಬೆಂಕಿಗಿಂತ ಬೀರುವಿನ ಕತೆ ಇಷ್ಟ. 1981ರಲ್ಲಿ ನಾರ್ವೆಯ ಓಸ್ಲೋ ಬಳಿಯ ಮಾನಸಿಕ ಆಸ್ಪತ್ರೆಯೊಂದರ ಬೀರುವಿನಲ್ಲಿ ಫಿಲ್ಮ್ ಡಬ್ಬಿಗಳು ಸಿಕ್ಕವು. ಡ್ರೇಯರ್ ಮೊದಲು ಜೋಡಿಸಿದ್ದ ಹಾಗೇ ಇದ್ದ ಪ್ರತಿ! ಅಂದರೆ ಅಷ್ಟು ವರ್ಷ ಆ ಬೀರುವನ್ನು ಯಾರೂ ಸರಿಯಾಗಿ ಕ್ಲೀನ್ ಮಾಡಿರಲಿಲ್ಲ ಅಲ್ವಾ? ಯಾರೋ ಹೊಸ ನೌಕರ ಬಾಗಿಲು ತೆಗೆದು ‘ಇದೇನು ಡಬ್ಬಿ?’ ಅಂದಿರಬೇಕು. ಹಳಬ ‘ನಮ್ಮದಲ್ಲ, ಸುಮ್ನೆ ಮುಚ್ಚು’ ಅಂದಿರಬೇಕು. ಆ ಹೊಸಬನೇ ಹಳಬನಾಗಿ, ಮುಂದಿನವನಿಗೆ ಅದೇ ಮಾತು ಹೇಳಿ ರಿಟೈರ್ ಆಗಿರಬೇಕು. ಆ ಕಾಲದ ನೈಟ್ರೇಟ್ ಫಿಲ್ಮಿಗೆ ಒಂದು ಕಿಡಿ ಸಾಕು. ಪುಣ್ಯಕ್ಕೆ ಅಲ್ಲಿ ನಿಂತು ಯಾರೂ ಸಿಗರೇಟು ಹಚ್ಚಲಿಲ್ಲ. ನಮ್ಮ ಮನೆಯಾಗಿದ್ದರೆ ಮೊದಲ ದೀಪಾವಳಿಗೇ ಅತ್ತೆ ಸುರುಳಿಗಳನ್ನು ಗುಜರಿಯವನಿಗೆ ಕೊಟ್ಟು, ಡಬ್ಬಿ ತೊಳೆದು ಒಣಗಿಸಿ, ಚಕ್ಕುಲಿ ತುಂಬಿಸಿಬಿಡುತ್ತಿದ್ದರು. ಡಬ್ಬಿ ಚೆನ್ನಾಗಿದೆ ಕಣೋ, ಬಿಗಿಯಾಗಿದೆ ಅಂತ ಪಕ್ಕದ ಮನೆಗೂ ಒಂದು ಕೊಡುತ್ತಿದ್ದರು.

ಆ ಬೀರುವಿನ ಗುಂಗಿನಲ್ಲಿ ಅರ್ಧ ವಿಚಾರಣೆ ಹೇಗೆ ಕಳೆಯಿತೋ ಗೊತ್ತಾಗಲಿಲ್ಲ. ಚಿತ್ರದ ಬಗ್ಗೆ ಏನೋ ಗಹನವಾದದ್ದು ಹೊಳೆಯುವ ಹಾಗೂ ಇತ್ತು. ಅಷ್ಟರಲ್ಲಿ ದೀಪ ಹಾಕಿ, ಈಗ ಚರ್ಚೆ ಅಂದರು.

ಚರ್ಚೆಯೆಲ್ಲ ಸೆಟ್ಟಿನ ಮೇಲೆ. ಡ್ರೇಯರ್ ಸಿಕ್ಕಾಪಟ್ಟೆ ದುಡ್ಡು ಸುರಿಸಿ ಇಡೀ ಕೋಟೆ ಕಟ್ಟಿಸಿದನಂತೆ. ಆಮೇಲೆ ತೋರಿಸಿದ್ದು ಬರೀ ಮುಖಗಳನ್ನು. ನಿರ್ಮಾಪಕರಿಗೆ ಕೋಪ ಬಂತಂತೆ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ದುಡ್ಡು ಕೊಟ್ಟವನಿಗೆ ಒಂದು ಗೋಡೆಯನ್ನಾದರೂ ಸರಿಯಾಗಿ ತೋರಿಸಬಾರದಿತ್ತೇ?